ಮೂರನೆಯ ದಿನದ ದಾರಿ

ರೆಥಿಮ್ನೊ, ಕ್ರೀಟ್
ಜೂನ್ 11, 2025, ಬುಧವಾರ

ಪ್ರೀತಿಯ ಕಲ್ಲಿಯೋಪಿ,

ಈ ಕಾಗದದಲ್ಲಿ ಒಂದು ವಿಷಯವನ್ನು ಬರೆಯದೇ ಬಿಟ್ಟುಬಿಡುವವಳಿದ್ದೆ. ನಿನ್ನೆ ಸಂಜೆಯವರೆಗೂ ಬಿಟ್ಟೇ ಇದ್ದೆ. ನೀನು ಮೆಲ್ಬರ್ನ್‌ನಿಂದ ಕೇಳಿದ್ದು ನಾಲ್ಕು ದಿನದ ಪ್ರವಾಸದ ಪಟ್ಟಿ ಮಾತ್ರ. ಬಾಡಿಗೆ ಕಾರಿನ ಕಚೇರಿಯಲ್ಲಿ ಕೂತು ದಿನವೂ ಜರ್ಮನರಿಗೆ, ಡಚ್ಚರಿಗೆ ಇಂಥ ಪಟ್ಟಿ ಮಾಡಿಕೊಡುವವಳಿಗೆ ಅದು ಅರ್ಧ ಗಂಟೆಯ ಕೆಲಸ. ನಾನು ಮೂರು ವಾರ ತೆಗೆದುಕೊಂಡೆ.

ಮೊದಲ ದಿನ ಹನ್ಯಾದ ಹಳೇ ಬಂದರು, ಚರ್ಮದ ಅಂಗಡಿಗಳ ಓಣಿ. ಎರಡನೆಯ ದಿನ ದಕ್ಷಿಣಕ್ಕೆ, ಸ್ಪಿಲಿಯಲ್ಲಿ ಊಟ, ಆಮೇಲೆ ಪ್ರೆವೆಲಿಯ ಕಡಲತೀರ. ಅಲ್ಲಿಗೆ ಇಳಿಯುವಾಗ ಗಟ್ಟಿ ಚಪ್ಪಲಿ ಬೇಕು. ನಾಲ್ಕನೆಯ ದಿನ ಕ್ನೊಸೊಸ್ ಅರಮನೆ, ಬೆಳಿಗ್ಗೆ ಎಂಟಕ್ಕೇ ಹೋದರೆ ಬಿಸಿಲು ತಪ್ಪುತ್ತದೆ. ಮೂರನೆಯ ದಿನವನ್ನು ಖಾಲಿ ಬಿಟ್ಟಿದ್ದೇನೆ. ಆ ದಿನ ನೀವು ನಿನ್ನ ಗಂಡನ ಊರು ಪ್ರಿನಾರಿಗೆ, ಅವನ ಸಮಾಧಿಗೆ ಹೋಗಬೇಕೆಂದೂ, ಮಗ ಒಬ್ಬನೇ ಕಾರು ಓಡಿಸಿಕೊಂಡು ಹೋಗುವ ಹಟ ಹಿಡಿದಿದ್ದಾನೆಂದೂ ನೀನು ಬರೆದಿದ್ದೆ. "ಅಪ್ಪ ಹೆಂಗಸಿನ ಹಿಂದೆ ಅಡಗಿಕೊಂಡು ಹೋಗ್ಲಿಲ್ಲ, ನಾನೂ ಹೋಗಲ್ಲ" ಅಂದನಂತೆ. ಆ ಸಾಲು ಓದಿದ ಮೇಲೆ ನನಗೆ ಪಟ್ಟಿ ಮುಂದುವರಿಸಲಾಗಲಿಲ್ಲ.

ಇಲ್ಲಿಯ ಸ್ಥಿತಿಯನ್ನು ನಾನು ನಿನಗೆ ಫೋನಿನಲ್ಲಿ ಹೇಳಿಲ್ಲ, ಹುಡುಗ ಪಕ್ಕದಲ್ಲೇ ಇರುತ್ತಾನೆಂದು. ನಿನ್ನ ಗಂಡನನ್ನು ಕೊಂದ ವಾರ್ದಿಸ್ ಮಾರ್ಚ್‌ನಲ್ಲಿ ಜೈಲಿನಿಂದ ಬಿಡುಗಡೆಯಾದ. ಊರ ಸೇತುವೆಯ ಮೇಲ್ಗಡೆಯ ಇಳಿಜಾರಿನಲ್ಲಿ ಮತ್ತೆ ಕುರಿದೊಡ್ಡಿ ಕಟ್ಟಿಕೊಂಡಿದ್ದಾನೆ. ಹೋದ ತಿಂಗಳ ಕೊನೆಯಲ್ಲಿ ನಿನ್ನ ಮೈದುನ ಸಿಫಿಸ್ ಅವನ ಹನ್ನೊಂದು ಕುರಿಗಳ ಕತ್ತು ಕೊಯ್ದು ತಲೆಗಳನ್ನು ಸೇತುವೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಮರುದಿನ ಸಿಫಿಸ್‌ನ ಗಾಡಿಯ ಮುಂದಿನ ಗಾಜು ಒಡೆಯಿತು, ಗುಂಡು ಅವನ ಕಿವಿಯ ಅಂಚನ್ನು ಹರಿದುಕೊಂಡು ಹೋಯಿತು. ಪೊಲೀಸರು ಕೇಳಿದರೆ ಮುಳ್ಳುಬೇಲಿ ತಗುಲಿತು ಅಂದ.

ಹೋದ ಗುರುವಾರ ಅವನು ಆ ಕಿವಿಗೆ ಪಟ್ಟಿ ಸುತ್ತಿಕೊಂಡೇ ನನ್ನ ಕಚೇರಿಗೆ ಬಂದ. ನಾನು ಕಾಫಿ ತರಿಸಿದೆ. "ಅಸ್ತ್ರಿನೋಸ್ ವಾಪಸ್ ಬರ್ತಿದಾನೆ ಅಂತ ಊರೆಲ್ಲ ಸುದ್ದಿ" ಅಂದ. ನಾಮಕರಣವಾಗದ ಮಗುವಿಗೆ ಅಪ್ಪ ಸತ್ತ ನಲವತ್ತನೆಯ ದಿನ ನಾವು ಅವನ ಹೆಸರನ್ನೇ ಇಟ್ಟೆವಲ್ಲ, ಅದರ ಫಲ ಇದು. ಹುಡುಗ ಬರೀ ಸಮಾಧಿ ನೋಡೋಕೆ ಬರ್ತಿದಾನೆ ಅಂದೆ. "ನೋಡ್ಲಿ. ಅಮ್ಮ ಅವನಿಗೆ ಒಂದು ಸಾಮಾನು ಕೊಡ್ಬೇಕು, ಇಪ್ಪತ್ತು ವರ್ಷದಿಂದ ಎಣ್ಣೆ ಹಚ್ಚಿ ಇಟ್ಟಿದಾಳೆ. ಎರಡೇ ಗಂಟೆ, ಅವನೊಬ್ಬನ್ನ ಕಳ್ಸು. ನೀವು ಹೆಂಗಸರು ಸ್ಪಿಲಿಲಿ ಐಸ್‌ಕ್ರೀಮ್ ತಿಂತಿರಿ." ಅವನಿಗೆ ತುಪಾಕಿ ಹಿಡಿಯೋಕೂ ಬರಲ್ಲ ಅಂದೆ. "ಕಾಲೇಜಲ್ಲಿ ಕಲಿಸ್ತಾರಾ ಮೇಡಮ್ಮ? ರಕ್ತಕ್ಕೆ ಗೊತ್ತಿರುತ್ತೆ" ಅಂದು ನಕ್ಕು ಸಕ್ಕರೆ ಕಲಕಿದ.

ನಿನ್ನ ಅತ್ತೆ ಆ ತುಪಾಕಿಯನ್ನು ಮೊಮ್ಮಗನ ಕೈಗಿಡುವ ಹೊತ್ತಿಗೆ ಸುದ್ದಿ ಸೇತುವೆಗೆ ತಲುಪಿರುತ್ತದೆ. ಆಮೇಲೆ ಹುಡುಗ ಕೊಲ್ಲುತ್ತಾನೋ ಇಲ್ಲ ಸಾಯುತ್ತಾನೋ, ಎರಡರಲ್ಲೊಂದು.

ಅವನೊಬ್ಬನನ್ನೇ ಕಳಿಸಬೇಡ ಎಂದಷ್ಟೇ ಬರೆದು ಮುಗಿಸಬಹುದಿತ್ತು. ಆದರೆ ಅವನು ಕೇಳುವುದಿಲ್ಲ, ಯಾಕೆಂದರೆ ಅವನು ಅಪ್ಪನ ದಾರಿ ಹಿಡಿದಿದ್ದೇನೆಂದು ನಂಬಿದ್ದಾನೆ. ಆ ದಾರಿಯನ್ನು ಕಟ್ಟಿದವಳು ನಾನು.

ಹುಲ್ಲುಗಾವಲಿನ ಜಗಳದಲ್ಲಿ ವಾರ್ದಿಸ್‌ನ ತಮ್ಮನನ್ನು ಕೊಂದು ಸಿಫಿಸ್ ಜೈಲು ಸೇರಿದ್ದ. ಸರದಿ ನಿನ್ನ ಗಂಡನ ಮೇಲೆ ಬಂದಿತ್ತು. ಪಕ್ಕದಲ್ಲಿ ಹೆಂಗಸು ಕೂತಿದ್ದರೆ ಗುಂಡು ಹಾರಿಸುವಂತಿಲ್ಲ, ಹಾರಿಸಿದವನ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಹಾಗಾಗಿ ಹಾಲು, ಚೀಸ್ ಮಾರಲು ಪೇಟೆಗೆ ಹೋಗುವಾಗಲೆಲ್ಲ ನೀನು ಅವನ ಪಕ್ಕ ಕೂರುತ್ತಿದ್ದೆ. ಅವನು ಸತ್ತ ಆ ಶನಿವಾರ ಮಗುವಿಗೆ ಜ್ವರ. "ನನ್ನ ಬದಲು ನೀನು ಹೋಗು" ಎಂದು ನೀನು ನನ್ನನ್ನು ಕೇಳಿಕೊಂಡೆ. ಸಂಜೆ ನಾನು ನಿನಗೆ ಹೇಳಿದ್ದೇನು? ಅವನು ನನಗಾಗಿ ಕಾಯದೆ ಹೊರಟುಬಿಟ್ಟ ಅಂತ. ಇಪ್ಪತ್ತು ವರ್ಷ ನೀನು ಸತ್ತವನ ಮೇಲೆ ಸಿಟ್ಟು ಹೊತ್ತುಕೊಂಡೆ. ಮಗ ಅದನ್ನೇ ಶೌರ್ಯ ಮಾಡಿಕೊಂಡ.

ಅವನು ಕಾದಿದ್ದ, ಕಲ್ಲಿಯೋಪಿ. ನಾನು ಗಾಡಿಯಲ್ಲಿದ್ದೆ.

ವಾಪಸ್ ಬರುವಾಗ ಕವಲಿನ ಕಾಫಿ ಅಂಗಡಿಯ ಮುಂದೆ ಗಾಡಿ ನಿಧಾನವಾಯಿತು. ಜಗಲಿಯ ಮೇಲಿನ ಗಂಡಸರಲ್ಲಿ ಒಬ್ಬ, "ಏನೋ ಅಸ್ತ್ರಿನೋಸ್, ಹೆಂಡ್ತಿ ಸಾಕಾದ್ಲಾ, ಈಗ ನಾದಿನಿನಾ?" ಅಂದ. ಇನ್ನೊಬ್ಬ, "ಈ ಮರಳು ಮೂಟೆ ಆಸ್ಟ್ರೇಲಿಯಾದ್ದು ಕಣೋ, ಗುಂಡು ದಾಟಲ್ಲ" ಅಂದ. ಎಲ್ಲರೂ ನಕ್ಕರು. ನನಗೆ ಇಪ್ಪತ್ತೈದು ವರ್ಷ. ಮೆಲ್ಬರ್ನ್‌ನ ಇಂಗ್ಲಿಷ್ ಶಾಲೆಯಲ್ಲಿ ಕಲಿತು ಬಂದವಳಿಗೆ ಗಂಡಸಿನ ಕವಚವಾಗಿ ಕೂರುವುದು ಅಸಹ್ಯ ಅನ್ನಿಸಿತು. ಆ ನಿಯಮವನ್ನೇ ನಾನು ನಂಬಿರಲಿಲ್ಲ. ಬೇಕರಿಯ ಹತ್ತಿರ ಗಾಡಿ ನಿಲ್ಲಿಸು, ನಾನು ನಡೆದು ಬರ್ತೀನಿ ಅಂದೆ. ಅವನು ನಕ್ಕು, ಹೋಗು ಅಂದ.

ನಾನು ಬ್ರೆಡ್ ತೆಗೆದುಕೊಳ್ಳುವಾಗ ಮೂರು ಸದ್ದು ಕೇಳಿಸಿತು. ಬೇಕರಿಯ ಅರ್ಗಿರೋ, "ಯಾರದೋ ಮದ್ವೆ, ಹಾರಿಸ್ತಿದಾರೆ, ಅವರಿಗೆ ಸುಖವಾಗ್ಲಿ" ಅಂದಳು. ನಾನೂ ಸುಖವಾಗ್ಲಿ ಅಂದೆ. ಚಿಲ್ಲರೆ ಎಣಿಸಿಕೊಂಡೆ. ಮದುವೆಯ ಗುಂಡುಗಳು ಮೂರಕ್ಕೆ ನಿಲ್ಲುವುದಿಲ್ಲ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಸೇತುವೆಯವರೆಗೂ ಓಡಿದೆ. ಅವನ ಎದೆ ಹಾರ್ನಿನ ಮೇಲೆ ಬಿದ್ದಿತ್ತು, ಅದು ಕೂಗುತ್ತಲೇ ಇತ್ತು. ಕೂಗು ನಿಲ್ಲಲೆಂದು ಅವನನ್ನು ಹಿಂದಕ್ಕೆಳೆದೆ. ಕೆಳದವಡೆ ಇರಲಿಲ್ಲ. ನಾಲಿಗೆ ಕೊರಳ ಮೇಲೆ ಜೋತಿತ್ತು, ಕಣ್ಣು ಇನ್ನೂ ನನ್ನನ್ನು ನೋಡುತ್ತಿತ್ತು. ಉಳಿದ ಹಾಲಿನ ಕ್ಯಾನು ಉರುಳಿ, ಹಾಲು ರಕ್ತದೊಂದಿಗೆ ಸೇರಿ ಬಾಗಿಲಿನಿಂದ ಸುರಿಯುತ್ತಿತ್ತು. ನಾನು ಕೂತಿದ್ದ ಸೀಟಿಗೆ ಒಂದು ಗುಂಡೂ ತಾಗಿರಲಿಲ್ಲ.

ವಾರ್ದಿಸ್ ಕೋರ್ಟಿನಲ್ಲಿ ಹೇಳಿದ್ದು ನಿನಗೆ ನೆನಪಿದೆ: ಆ ತಿಂಗಳು ನಾಲ್ಕು ಸಲ ಅವನನ್ನು ಬಿಟ್ಟುಬಿಟ್ಟೆ, ಪಕ್ಕದಲ್ಲಿ ಹೆಂಗಸು ಇದ್ದಳು. ನೀನು ನನ್ನ ಭುಜಕ್ಕೆ ತಲೆಯಿಟ್ಟು ಅತ್ತೆ. ನಾನು ನಿನ್ನ ಬೆನ್ನು ಸವರಿದೆ. ನಾನು ಗಾಡಿಯಿಂದ ಇಳಿದದ್ದನ್ನು ಕಂಡ ಅರ್ಗಿರೋ ಹಿಂದಿನ ಬೆಂಚಿನಲ್ಲಿದ್ದಳು. ಅವಳು ಬಾಯಿ ಬಿಡಲಿಲ್ಲ, ಜಗಲಿಯ ಗಂಡಸರೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಹೆದರಿಕೆಯೋ ನಾಚಿಕೆಯೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನೀನು ನನ್ನನ್ನು ಕಳೆದುಕೊಳ್ಳುವ ಬದಲು ಅವನನ್ನು ಇನ್ನೊಂದು ಸಲ ಕಳೆದುಕೊಳ್ಳುವುದೇ ವಾಸಿ ಎಂದು ಲೆಕ್ಕ ಹಾಕಿದೆನೇನೋ.

ಈಗ ಮೂರನೆಯ ದಿನವನ್ನು ನೀನೇ ತುಂಬು. ನೀವು ಬರದಿದ್ದರೂ ಸರಿ. ನನ್ನ ಮುಖ ನೋಡದೆ ಹನ್ಯಾ, ಕ್ನೊಸೊಸ್ ಅಷ್ಟೇ ನೋಡಿಕೊಂಡು ಹೋದರೂ ಸರಿ, ಕಾರಿನ ಬೀಗದ ಕೈಯನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟಿರುತ್ತೇನೆ. ಪ್ರಿನಾರಿಗೆ ಹೋಗಲೇಬೇಕೆಂದರೆ ಹುಡುಗನ ಪಕ್ಕದ ಸೀಟಿನಲ್ಲಿ ನಾನು ಕೂರುತ್ತೇನೆ. ಸಮಾಧಿಯ ಹತ್ತಿರವೂ ಅವನ ಕೈ ಬಿಡುವುದಿಲ್ಲ. ನಿನ್ನ ಅತ್ತೆಯ ಹೊಸ್ತಿಲನ್ನು ಮಾತ್ರ ಅವನಿಗೆ ತುಳಿಯಗೊಡುವುದಿಲ್ಲ.

ನಿನ್ನ ತಂಗಿ,
ರೊದಾಂಥಿ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಬೇಕರಿಯ ಹತ್ತಿರ ನಾನು ಇಳಿಯುವಾಗ ಅವನು ನಗಲಿಲ್ಲ. ಹೋಗು ಅನ್ನಲೂ ಇಲ್ಲ. ನನ್ನ ಮುಂಗೈ ಹಿಡಿದುಕೊಂಡ. ಕೈ ಒದ್ದೆಯಾಗಿತ್ತು. "ಇಳೀಬೇಡ ರೊದಾಂಥಿ. ಇನ್ನೆರಡೇ ತಿರುವು. ಮಗು ಸಣ್ಣದು" ಅಂದ. ನಾನು ಕೊಡವಿಕೊಂಡು ಇಳಿದೆ. ಹುಡುಗನ ಅಪ್ಪ ಹೆದರಿದ್ದ, ಬದುಕಬೇಕೆಂದು ನನ್ನ ಕೈ ಹಿಡಿದು ಬೇಡಿಕೊಂಡಿದ್ದ. ಹುಡುಗನಿಗೆ ಬೇರೇನನ್ನೂ ಹೇಳದಿದ್ದರೂ ಇದಿಷ್ಟನ್ನು ಓದಿ ಹೇಳು.

ನಿಮ್ಮ ಟಿಕೆಟ್ಟಿಗೆ ಹಣ ಕಟ್ಟಲು ಕೊನೆಯ ದಿನ ಜೂನ್ 30. ಕಾಗದ ಮೆಲ್ಬರ್ನ್ ತಲುಪಲು ಎರಡು ವಾರ ಬೇಕು. ಮುಂದಿನ ವಾರ ಹಾಕಿದರೆ ತಡವಾಯಿತೆಂಬ ನೆಪ ನನಗೆ ಸಿಕ್ಕಿಬಿಡುತ್ತದೆ. ಅಂಚೆ ಕಚೇರಿ ಏಳೂವರೆಗೆ ತೆರೆಯುತ್ತದೆ. ನಾಳೆ, ಗುರುವಾರ, ಜೂನ್ 12ರಂದು ಹಾಕುತ್ತೇನೆ.