ಎಲೆಯಡಿಕೆಯ ಕೆಂಪು ರಕ್ತವಲ್ಲ, ಆ ಸಾಲು ಅಳಿಸಿ

ವಿದೇಶದಲ್ಲಿ ಆಪತ್ತಿಗೆ ಸಿಕ್ಕವರ ಅಹವಾಲು ಕೇಳುವ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ. ತಮ್ಮ ಮೇಜಿನ ಮೇಲೆ ಆಸೀನವಾಗಿರುವ ಕಡತಗಳೇ. ಕಡತಗಳ ಮೇಲೆ ಪವಡಿಸಿರುವ ಧೂಳೇ. ಈ ಪತ್ರವನ್ನು ಬೆಳಿಗ್ಗೆ ಪೇಪರಿನಲ್ಲಿ ಚಹಾದ ಜೊತೆ ಓದಿ ಸಂಜೆ ಇದರಲ್ಲೇ ಮಿರ್ಚಿ ಕಟ್ಟಿಸಿಕೊಳ್ಳಲಿರುವ ಶಿಕಾರಿಪುರ, ಸೊರಬ ಉಭಯ ತಾಲ್ಲೂಕುಗಳ ಮಹಾಜನಗಳೇ,

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ಸಾಲು ಓದುತ್ತೇನೆ. "ಬೆಳಗಿನಿಂದ ಎರಡು ಬಾರಿ ರಕ್ತವಾಂತಿ, ಮೂಲ ಪತ್ತೆಯಾಗಿಲ್ಲ." ಈಗ ಕುಳಿತುಕೊಳ್ಳಿ. ಈ ಸಾಲು ಸುಳ್ಳು. ಇದನ್ನು ವಿದೇಶದ ಆ ಆಸ್ಪತ್ರೆಯ ದಾಖಲೆಯಿಂದ ತೆಗೆಸಿಕೊಡಿ ಎಂದು ಆನವಟ್ಟಿಯ ಗಂಗಾಶ್ರೀಯವರು ತಮಗೆ ಎರಡು ಅರ್ಜಿ ಹಾಕಿದರು. ತಾವು ಎರಡಕ್ಕೂ ಸೇರಿಸಿ ಒಂದೇ ಉತ್ತರ ದಯಪಾಲಿಸಿದಿರಿ: "ಹೊರದೇಶದ ವೈದ್ಯಕೀಯ ದಾಖಲೆಯಲ್ಲಿ ಮಧ್ಯಪ್ರವೇಶಿಸಲು ಅವಕಾಶವಿರುವುದಿಲ್ಲ. ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ." ಅರ್ಜಿ ಮುಗಿಯಿತು, ಸಂತೋಷ. ಅರ್ಜಿಯೊಳಗಿನ ಮನುಷ್ಯ ಇನ್ನೂ ಮುಗಿದಿಲ್ಲ. ಅವನು ಮುಗಿಯುವುದರೊಳಗೆ ತಾವು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಆ ಮನುಷ್ಯನ ಹೆಸರು ಮಹಾಂತೇಶ್. ಗಂಗಾಶ್ರೀಯವರ ಯಜಮಾನರು, ಆನವಟ್ಟಿಯಲ್ಲಿ ಗೊಬ್ಬರದ ಅಂಗಡಿ. ನನ್ನದು ಶಿಕಾರಿಪುರದಲ್ಲಿ ಅಂಥದೇ ಅಂಗಡಿ. ಹೆಚ್ಚು ಗೊಬ್ಬರ ಮಾರಿದವರನ್ನು ಕಂಪನಿಯವರು ವಿಮಾನ ಹತ್ತಿಸುವುದು ಈಗಿನ ಪದ್ಧತಿ. ಮೂಟೆ ಮಾರಿದವನಿಗೆ ಕೋಟೆ ತೋರಿಸುತ್ತಾರೆ, ಹಿಂಡಿ ಮಾರಿದವನಿಗೆ ಹಿಮ ತೋರಿಸುತ್ತಾರೆ. ಹೋದ ಫೆಬ್ರವರಿಯಲ್ಲಿ ನಮ್ಮ ಎರಡು ತಾಲ್ಲೂಕಿನ ಹದಿನಾರು ಅಂಗಡಿಯವರು ಅಜರ್‌ಬೈಜಾನ್ ದೇಶಕ್ಕೆ ಹೋದೆವು. ಹೆಸರು ಬಾಯಿಗೆ ಕೂರುವಷ್ಟರಲ್ಲಿ ಪ್ರವಾಸ ಮುಗಿಯುವಂಥ ದೇಶ. ಕಂಪನಿಯವರ ಪಟ್ಟಿಯಂತೆ ಜರ್ಕಿನ್, ಟೊಪ್ಪಿಗೆ, ಕೈಗವಸು ತೆಗೆದುಕೊಂಡೆವು. ನಮ್ಮದೇ ಪಟ್ಟಿಯಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ಅಡಿಕೆ, ಸುಣ್ಣದ ಡಬ್ಬಿ ತೆಗೆದುಕೊಂಡೆವು. ಊಟವಾದ ಮೇಲೆ ಕವಳ ಬೀಳದಿದ್ದರೆ ನಮಗೆ ಊಟ ಮಾಡಿದ ನೆನಪೇ ಇರುವುದಿಲ್ಲ. ಹದಿನಾರು ಜನರಲ್ಲಿ ಪದವಿ ಮುಗಿಸಿದವನು ನಾನೊಬ್ಬನೇ. ಅದೂ ಕನ್ನಡ ಮಾಧ್ಯಮದಲ್ಲಿ. ಆದ್ದರಿಂದ ಆ ದೇಶಕ್ಕೂ ನಮಗೂ ನಡುವೆ ದುಭಾಷಿಯಾಗುವ ಭಾಗ್ಯ ನನ್ನ ಪಾಲಿಗೆ ಬಂತು. ಮಹಾಂತೇಶನೂ ನಾನೂ ಒಂದೇ ಕೋಣೆ.

ಮೂರನೆಯ ದಿನ ಹಿಮ ತೋರಿಸಲು ರಾಜಧಾನಿಯಿಂದ ದೂರದ ಒಂದು ಗುಡ್ಡದ ಊರಿಗೆ ಕರೆದೊಯ್ದರು. ಮಧ್ಯಾಹ್ನ ಊಟ ಮುಗಿಸಿ, ಬಾಯಿ ತುಂಬ ಕವಳ ಹಾಕಿಕೊಂಡು ಎಲ್ಲರೂ ಬಸ್ಸಿನಲ್ಲಿ ಕೂತಿದ್ದೆವು. ಮಹಾಂತೇಶ ನನ್ನ ತೋಳು ಹಿಡಿದ.

"ಶೇಖರಣ್ಣ, ಎದಿ ಮ್ಯಾಲೆ ಮೂಟಿ ಇಟ್ಟಂಗೆ ಆಗ್ತೈತಿ."

ಹಿಂದಿನ ಸೀಟಿನಿಂದ ಜಡೆಯ ನಾಗರಾಜಪ್ಪ, "ಮೂಟೆ ಎಣ್ಸಿ ಎಣ್ಸಿ ರೂಢಿ ಮಾರಾಯ ನಿಂಗೆ. ಇಲ್ಲಿಗೆ ಬಂದ್ರೂ ಇಳಿಸ್ಲಿಲ್ಲ ಅಲ್ದಾ?" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಆ ನಗು ಇನ್ನೂ ನಿಂತಿರಲಿಲ್ಲ, ಮಹಾಂತೇಶನ ತಲೆ ನನ್ನ ಹೆಗಲಿಗೆ ವಾಲಿತು. ತುಟಿಯ ಅಂಚಿನಿಂದ ಎಲೆಯಡಿಕೆಯ ಕೆಂಪು ರಸ ಇಳಿದು ಹೊಸ ಬಿಳಿ ಜರ್ಕಿನ್ನಿನ ಮೇಲೆ ಹರಡಿತು.

ಆಸ್ಪತ್ರೆ ಚಿಕ್ಕದು, ಚೊಕ್ಕದು. ಪಾಸ್‌ಪೋರ್ಟ್ ಕೇಳಿದರು. ಅವೆಲ್ಲ ಟೂರ್ ಮ್ಯಾನೇಜರನ ಸುಪರ್ದಿನಲ್ಲಿ, ರಾಜಧಾನಿಯ ಹೋಟೆಲಿನ ಬೀಗದೊಳಗೆ. ವಿಮೆಯ ಸಂಖ್ಯೆ ಕೇಳಿದರು. ಅದು ಯಾರ ಮೊಬೈಲಿಗೆ ಬಂದಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹೆಸರು ಹೇಳಿದೆವು, ಮನೆತನದ ಹೆಸರು ಕೇಳಿದರು. ಮಹಾಂತೇಶನ ಹಿಂದೆ ಇರುವುದು ಬರೀ ಒಂದು ಇನಿಷಿಯಲ್. ಅವರ ಕಂಪ್ಯೂಟರು ಒಂದಕ್ಷರದ ಮನೆತನವನ್ನು ಒಪ್ಪಲಿಲ್ಲ. ಪರದೇಶದಲ್ಲಿ ಸಾಯುವುದಕ್ಕೂ ಒಂದು ಸರ್‌ನೇಮ್ ಬೇಕು ಎಂದು ಪ್ರಯಾಣಕ್ಕೆ ಮುಂಚೆ ತಮ್ಮ ವಿಭಾಗ ಒಂದು ಸುತ್ತೋಲೆ ಹೊರಡಿಸಬಾರದಿತ್ತೇ?

ಕೊನೆಗೂ ಒಳಗೆ ಕರೆದೊಯ್ದರು. ಹೃದಯಾಘಾತವೆಂದು ಹತ್ತು ನಿಮಿಷದಲ್ಲಿ ಕಂಡುಹಿಡಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ, ಕೈಯಳತೆಯಲ್ಲೇ ಇತ್ತು. ಕೊಡಲಿಲ್ಲ. ರಕ್ತ ಕಾರುವವನಿಗೆ ಆ ಔಷಧಿ ಕೊಟ್ಟರೆ ಒಳಗಿನ ರಕ್ತ ನಿಲ್ಲುವುದೇ ಇಲ್ಲವಂತೆ. ಎದೆ ಹಿಡಿದು ಬಂದವನ ಬಾಯಿ ನೋಡಿದರು, ಬಾಯಿ ನೋಡಿ ಎದೆ ಬಿಟ್ಟರು. ಹಿಮದ ರಸ್ತೆಯಲ್ಲಿ ನಾಲ್ಕು ತಾಸು ಆಂಬುಲೆನ್ಸಿನಲ್ಲಿ ರಾಜಧಾನಿಗೆ ಸಾಗಿಸಿದರು. ಅಲ್ಲಿ ಗಂಟಲಿಗೆ ಕೊಳವೆ ಇಳಿಸಿ ಹೊಟ್ಟೆಯೊಳಗೆಲ್ಲ ಹುಡುಕಿದರು. ಒಂದು ಗಾಯವೂ ಸಿಗಲಿಲ್ಲ. ಅಷ್ಟರಲ್ಲಿ ಹೃದಯದ ಅರ್ಧ ಭಾಗ ಕೆಲಸ ನಿಲ್ಲಿಸಿತ್ತು.

ಮಾನ್ಯರೇ, ಎಲೆಯಡಿಕೆ ತಿಂದ ಬಾಯಿ ಯಾವುದು, ರಕ್ತ ಕಾರಿದ ಬಾಯಿ ಯಾವುದು ಎಂದು ನಮ್ಮ ಕಡೆ ಅಂಗನವಾಡಿಯ ಮಗುವಿಗೂ ಗೊತ್ತು. ಅಷ್ಟೊಂದು ಯಂತ್ರಗಳಿದ್ದ ಆಸ್ಪತ್ರೆಯಲ್ಲಿ ಒಂದು ಮೂಗು ಇರಲಿಲ್ಲವೇ? ಒಂದು ಹತ್ತಿಯ ಉಂಡೆಯಿಂದ ಒರೆಸಿ ನೋಡಲು ಯಾವ ದೇಶದ ಅನುಮತಿ ಬೇಕಿತ್ತು? ಹೋಗಲಿ, ಜೊತೆಯಲ್ಲಿ ಬಂದ ನಮ್ಮನ್ನು ಒಂದು ಮಾತು ಕೇಳಬಾರದಿತ್ತೇ? ಬೆಳಗಿನಿಂದ ಎರಡು ಬಾರಿ ವಾಂತಿ ಎಂಬ ಲೆಕ್ಕ ಅವರ ತಲೆಯಲ್ಲಿ ಹುಟ್ಟಿದ್ದಾದರೂ ಹೇಗೆ? ಬೆಳಿಗ್ಗೆ ಮಹಾಂತೇಶ ಹೆಂಡತಿಗೆ ವಿಡಿಯೋ ಕಾಲ್ ಮಾಡಿ, ಕಿಟಕಿಯಾಚೆಯ ಹಿಮ ತೋರಿಸಿ, "ನೋಡೇ, ಆಕಾಶದಿಂದ ಯೂರಿಯಾ ಬಿದ್ದೈತಿ" ಎಂದು ನಗುತ್ತಿದ್ದ.

ಮುಗಿದ ಕಥೆಯಾಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಶಿವಮೊಗ್ಗದ ಹೃದಯದ ಡಾಕ್ಟರು ಕಳೆದ ತಿಂಗಳು ಸ್ಕ್ಯಾನ್ ಮಾಡಿದಾಗ, ಮಹಾಂತೇಶನ ಬಲಹೀನ ಹೃದಯದೊಳಗೆ ದ್ರಾಕ್ಷಿಯಷ್ಟು ದಪ್ಪದ ಹೆಪ್ಪು ಕಂಡಿತು. ಅದು ಕಳಚಿಕೊಂಡರೆ ನೇರ ಮಿದುಳಿಗೆ. ರಕ್ತ ತೆಳುವಾಗಿಸುವ ಮಾತ್ರೆ ಕೊಡಬೇಕು. ಡಾಕ್ಟರು ವಿದೇಶದ ಆಸ್ಪತ್ರೆಯ ಆ ಕಾಗದ ತೋರಿಸಿ ಗಂಗಾಶ್ರೀಯವರಿಗೆ ಹೇಳಿದ ಮಾತು ಇದು: "ಈ ಸಾಲು ಇಟ್ಕೊಂಡು ಮಾತ್ರೆ ಹೇಗಮ್ಮ ಕೊಡ್ಲಿ? ಎಲೆಯಡಿಕೆ ಅಂತೀರಿ, ಸರಿ. ಇವರಿಗೆ ಅವತ್ತಿನದು ಏನೂ ನೆನಪಿಲ್ಲ. ಆದ್ರೆ ಬೆಳಗಿನಿಂದ ಎರಡು ಸಲ ಅಂತ ಅವರು ಸುಮ್ನೆ ಬರೀತಾರಾ? ಯಾರೋ ಹೇಳಿದಾರೆ. ಹೇಳಿದವರನ್ನ ಕರ್ಕೊಂಡ್ ಬನ್ನಿ, ಇಲ್ಲ ಅವರಿಂದ ತಿದ್ದಿಸ್ಕೊಂಡ್ ಬನ್ನಿ. ಅವತ್ತೇ ಶುರು ಮಾಡ್ತೀನಿ."

ಆಕೆ ನೇರವಾಗಿ ನನ್ನ ಅಂಗಡಿಗೆ ಬಂದರು. "ಶೇಖರಣ್ಣ, ಒಂದೇ ರೂಮಿನಾಗೆ ಇದ್ರಲ್ಲ, ಇವ್ರಿಗೆ ವಾಂತಿ ಆಗಿತ್ತಾ?"

"ಇಲ್ಲಮ್ಮ. ಅವ್ರೇ ಏನೋ ತಪ್ಪು ಬರ್ಕಂಡಾರೆ," ಎಂದೆ.

ಹೋದ ಗುರುವಾರ ಮಹಾಂತೇಶನ ಬಲಗೈ ಇದ್ದಕ್ಕಿದ್ದಂತೆ ಸೋತು ಚಹಾದ ಲೋಟ ಕೆಳಗೆ ಬಿತ್ತು. ಹತ್ತು ನಿಮಿಷಕ್ಕೆ ಕೈ ಸರಿಯಾಯಿತು. ಅವನು, "ಲೋಟ ಬಿಸಿ ಇತ್ತು" ಎಂದ. ಬಿದ್ದ ಕೂಡಲೇ ಗಂಗಾಶ್ರೀ ಲೋಟ ಮುಟ್ಟಿ ನೋಡಿದ್ದರು, ತಣ್ಣಗಿತ್ತು. ಡಾಕ್ಟರು ಫೋನಿನಲ್ಲಿ, ಇದು ಮುನ್ಸೂಚನೆ, ಮುಂದಿನ ಸಲ ಹತ್ತು ನಿಮಿಷಕ್ಕೆ ನಿಲ್ಲುವುದಿಲ್ಲ ಎಂದರಂತೆ.

ಆದ್ದರಿಂದ ನಮ್ಮ ಆಗ್ರಹ: ತಾವು ಒಂದು ವಾರದೊಳಗೆ ಆ ಆಸ್ಪತ್ರೆಗೆ ಬರೆದು, ಸದರಿ ಸಾಲನ್ನು ಯಾರನ್ನೂ ವಿಚಾರಿಸದೆ, ಊಹೆಯಿಂದ ಬರೆದದ್ದೆಂದು ಒಪ್ಪಿಸಿ, ತಿದ್ದಿದ ದಾಖಲೆ ತರಿಸಿಕೊಡಬೇಕು. ತಾವು ಬರೆಯದಿದ್ದರೆ ಆ ಹೆಪ್ಪು ತನ್ನ ಉತ್ತರ ತಾನೇ ಬರೆಯುತ್ತದೆ, ಅದಕ್ಕೆ ತಮ್ಮ ಸಹಿ ಬೇಕಿಲ್ಲ.

ಪತ್ರ ಇಲ್ಲಿಗೆ ಮುಗಿಯಬೇಕಿತ್ತು. ಇಂದು ಬೆಳಿಗ್ಗೆ ಆನವಟ್ಟಿಗೆ ಹೋಗಿ ಇಷ್ಟನ್ನೂ ಗಂಗಾಶ್ರೀಯವರಿಗೆ ಓದಿ ಹೇಳಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ಭಾಳ ಚಲೋ ಬರ್ದೀರಿ. ಆ ಸುಳ್ಳು ಹೇಳ್ದೋರು ಯಾರಿದ್ರೂ ಸರಿ, ಅವ್ರ ಬಾಯಾಗೆ ಹುಳ ಬೀಳ್ಲಿ," ಎಂದರು.

ಮಂಚದ ಮೇಲಿದ್ದ ಮಹಾಂತೇಶ, "ಬಿಡೇ, ಅವ್ರಿಗೇನು ಗಾಬರಿ ಇತ್ತೋ," ಎಂದ.

ಮಾನ್ಯರೇ, ಆ ಆಸ್ಪತ್ರೆಯವರು ಕೇಳಿದ್ದರು. ಚಿಕಿತ್ಸೆಯ ಕೋಣೆಯ ಬಾಗಿಲವರೆಗೆ ಬಿಟ್ಟಿದ್ದು ಒಬ್ಬನನ್ನೇ, ನನ್ನನ್ನು. ನರ್ಸು ಮೊಬೈಲಿನಲ್ಲಿ ಏನೋ ಒತ್ತಿ ನನ್ನ ಮುಂದೆ ಹಿಡಿದಳು, ಅದು ಅಚ್ಚ ಕನ್ನಡದಲ್ಲಿ ಕೇಳಿತು: "ಇದು ರಕ್ತವೇ?" ನಮಗಿಂತ ಮುಂದೆ ಐದಾರು ಜನ ಕೂತಿದ್ದರು. ಆರು ವರ್ಷದ ಹಿಂದೆ ನಮ್ಮ ಅಣ್ಣ ಎದೆನೋವೆಂದು ಒಂದು ಆಸ್ಪತ್ರೆಗೆ ಹೋದಾಗ ಗ್ಯಾಸು ಎಂದು ಬೆಂಚಿನ ಮೇಲೆ ಕೂರಿಸಿದ್ದರು. ಅವನ ಕಣ್ಣ ಮುಂದೆಯೇ ರಕ್ತ ಸೋರುವವರನ್ನೆಲ್ಲ ಒಳಗೆ ಓಡಿಸಿಕೊಂಡು ಹೋದರು. ಅಣ್ಣ ಆ ಬೆಂಚಿನಿಂದ ಏಳಲಿಲ್ಲ. ರಕ್ತ ಕಂಡರೆ ಮಾತ್ರ ಬಾಗಿಲು ತೆರೆಯುತ್ತದೆ ಎಂಬ ಪಾಠ ನನಗೆ ಅಲ್ಲಾಗಿತ್ತು.

"ಹೌದು, ರಕ್ತ. ಬೆಳಗಿನಿಂದ ಎರಡು ಸಲ," ಎಂದೆ. ಕೂಡಲೇ ಬಾಗಿಲು ತೆರೆಯಿತು. ಪರದೇಶದಲ್ಲಿ ಬಾಗಿಲು ತೆರೆಸಿದವನೆಂದು ಊರಿಗೆ ಬಂದ ಮೇಲೆ ಅಂಗಡಿಯವರ ಸಂಘ ನನಗೆ ಶಾಲು ಹೊದಿಸಿತು.

ತಾವೇನೂ ಮಾಡಬೇಕಿಲ್ಲ. ಗಂಗಾಶ್ರೀಯವರಿಗೆ ಹೇಳಿದ್ದೇನೆ. ಅವರು ಕಾಗದಗಳ ಚೀಲ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ನನಗಿಂತ ಮುಂದೆ ನಡೆದರು. ಈಗ ಶಿವಮೊಗ್ಗದ ಬಸ್ಸಿನಲ್ಲಿ ನನಗಿಂತ ಮೂರು ಸೀಟು ಮುಂದೆ ಕೂತಿದ್ದಾರೆ.

ಇಂತಿ,
ಡಾಕ್ಟರು ಕರೆದುಕೊಂಡು ಬನ್ನಿ ಎಂದಿದ್ದ ಆ ಮನುಷ್ಯ,
ಚಂದ್ರಶೇಖರಪ್ಪ, ಶಿಕಾರಿಪುರ