ಯಾವುದಾದ್ರೂ ನಡೀತದ

ಅಫಜಲಪುರ
15 ಜೂನ್ 2025

ಪ್ರಿಯ ಮಧುಮತಿ, ಶರಣು.

ಎಲ್ಲರೂ ಚೆನ್ನಾಗಿದ್ದೇವೆ. ಫೋನಿದ್ದೂ ಕಾಗದವೇ ಎಂದು ನಗಬೇಡ. ಫೋನಿನಲ್ಲಿ ನಾನು ಎಷ್ಟು ಮಾತಾಡುತ್ತೇನೆಂದು ನಿನಗೆ ಗೊತ್ತು. ಬರೆಯಲು ವಾರ ತಡವಾಯಿತು, ಅದನ್ನೂ ಹೊಟ್ಟೆಗೆ ಹಾಕಿಕೋ. ಜೇವರ್ಗಿ ಬಸ್ಸಿನ ಕಂಡಕ್ಟರ್ ಬೀರಣ್ಣ ನಾಳೆ ಇದನ್ನು ನಿನ್ನ ಶಾಲೆಗೇ ಮುಟ್ಟಿಸುತ್ತಾನೆ.

ನಿನ್ನೆ ಮನೆಯಲ್ಲಿ ಭಾರೀ ನಗೆ. ನಿನ್ನ ಮಗಳು ಸೃಷ್ಟಿ ಸಮೀಕರಣ ಬಿಡಿಸುತ್ತಿದ್ದಳು: 3(x + 2) = 3x + 6. ಬಿಡಿಸುತ್ತ ಹೋದಂತೆ ಎರಡೂ ಕಡೆಯ x ಮಾಯವಾಗಿ 0 = 0 ಉಳಿಯಿತು. ಸೊನ್ನೆ ಕಂಡದ್ದೇ ‘ಉತ್ತರ ಇಲ್ಲ’ ಎಂದು ಬರೆದು ಪುಸ್ತಕ ಮುಚ್ಚಿದಳು. x ಜಾಗದಲ್ಲಿ ಏನಾದರೂ ಇಟ್ಟು ನೋಡು ಎಂದೆ. ಒಂದು ಇಟ್ಟಳು, ಎರಡೂ ಕಡೆ ಸಮ ಬಂತು. ನೂರು ಇಟ್ಟಳು, ಅದೂ ಸಮ. ರೊಟ್ಟಿ ಬಡಿಯುತ್ತಿದ್ದ ನಮ್ಮವ್ವ ಒಳಗಿನಿಂದಲೇ, ‘ದೀಡ್ ಹಾಕ್ ಬೇ, ಆಗ ಸಿಗಬೀಳ್ತದ’ ಎಂದಳು. ಒಂದೂವರೆಗೂ ಸಮ ಬಂತು. ಅವ್ವನಿಗೆ ಹುರುಪೇರಿ ತನ್ನ ವಯಸ್ಸು, ಬೀರಣ್ಣನ ಬಸ್ಸಿನ ನಂಬರು ಎಲ್ಲ ಹಾಕಿಸಿದಳು. ಒಂದೂ ಸೋಲಲಿಲ್ಲ.

ಆಮೇಲೆ ಕೊನೆಯ ಆರನ್ನು ಅಳಿಸಿ ಏಳು ಮಾಡಿದೆ. ಈಗ ಉಳಿದದ್ದು 6 = 7. ಅವ್ವ ಹೇಳಿದ ಯಾವ ಸಂಖ್ಯೆಗೂ ಅದು ಬಗ್ಗಲಿಲ್ಲ. ‘ಇದು ಮೊಂಡ ಲೆಕ್ಕ, ನಿಮ್ಮಪ್ಪನಂಗ’ ಎಂದು ಸೃಷ್ಟಿಗೆ ಹೇಳಿ ರೊಟ್ಟಿ ತಿರುವಿ ಹಾಕಿದಳು.

ಸೃಷ್ಟಿ ಮಾತ್ರ ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಬರೆದು, ‘ಅಪ್ಪಾ, ಯಾವುದೂ ನಡ್ಯಂಗಿಲ್ಲ ಅನ್ನೂದು ಬ್ಯಾರೆ, ಯಾವುದಾದ್ರೂ ನಡೀತದ ಅನ್ನೂದು ಬ್ಯಾರೆ. ನನಗ ಎರಡೂ ಒಂದ ಅನಿಸಿತ್ತು ನೋಡು’ ಎಂದಳು.

ನನಗೆ ನೀನು ನೆನಪಾದೆ. ಗುರುವಾರ ನಿನ್ನ ವರ್ಗಾವಣೆ ಕೌನ್ಸೆಲಿಂಗ್. ಆಳಂದವೋ, ಅಫಜಲಪುರವೋ, ಇಲ್ಲ ಜೇವರ್ಗಿಯಲ್ಲೇ ಇರಲೋ ಎಂದು ನೀನು ಫೋನಿನಲ್ಲಿ ಕೇಳಿದಾಗ, ‘ಯಾವುದಾದ್ರೂ ನಡೀತದ’ ಎಂದೆ. ನೀನು ಫೋನ್ ಇಟ್ಟುಬಿಟ್ಟೆ. ನೀನು ಎಲ್ಲಿದ್ದರೂ ಅದು ನಮ್ಮ ಮನೆಯೇ ಎಂಬುದು ನನ್ನ ಅರ್ಥ. ನಿನಗೆ ಕೇಳಿಸಿದ್ದು ಸೊನ್ನೆ.

ಅವ್ವ ರೊಟ್ಟಿಗೆ ಹಚ್ಚಿಕೊಳ್ಳಲೆಂದು ಶೇಂಗಾ ಹಿಂಡಿ ಕುಟ್ಟಿ ಕಟ್ಟಿಕೊಟ್ಟಿದ್ದಾಳೆ, ಜೊತೆಗೆ ಆಶೀರ್ವಾದವನ್ನೂ. ನಿನಗೆ ಒಳಿತಾಗಲಿ.

ನಿನ್ನ
ಗುರುಶಾಂತ

ಮಡಚುವ ಮುನ್ನ ಇನ್ನೊಂದು ಮಾತು: ಮೇಲಿನ ಅರ್ಥ ಪೂರ್ತಿ ನಿಜವಲ್ಲ. ನೀನು ಜೇವರ್ಗಿಗೆ ಹೋದಾಗಿನಿಂದ ಊಟದ ಹೊತ್ತಿಗೆ ಸೃಷ್ಟಿ ನಿನ್ನ ಜಾಗದಲ್ಲಿ ತನ್ನ ಚೀಲ ಇಡುತ್ತಾಳೆ, ಬೇರೆ ಯಾರೂ ಕೂಡಬಾರದೆಂದು. ನಾನೂ ಅದನ್ನು ಸರಿಸಿಲ್ಲ. ಈ ಲೆಕ್ಕಕ್ಕೆ ಉತ್ತರ ಒಂದೇ, ಮಧು. ಅಫಜಲಪುರ.