ಕರಡಕ್ಕೆ ಬಣ್ಣ ತಿರುಗುವ ಹೊತ್ತು

ಅಕ್ಟೋಬರ್ 26, ಭಾನುವಾರ. ಬೆಳಿಗ್ಗೆ 7

ಇವತ್ತಿಂದ ನೀರು ಬಂದ್. ಈಗಲೂ ನೀರು ಬಿಟ್ಟರೆ ಕರಡದ ಹುಲ್ಲು ಹಸಿರಾಗೇ ಉಳಿಯುತ್ತೆ, ಬಣ್ಣ ತಿರುಗಲ್ಲ. ಎರಡು ವರ್ಷ ಇದೇ ತಪ್ಪು ಮಾಡಿದೆ. ಹೋದ ಸಲ ಕೆಂಪಾಗಿದ್ದು ಒಂದೇ ಬುಡ. ತವರಿನ ಹೊಲದ ಬದುವಿನಿಂದ ಬೇರು ಸಮೇತ ತಂದು ಅಂಗಳದಲ್ಲಿ ನೆಟ್ಟ ಬುಡ ಹದಿನಾಲ್ಕು. ಈ ಸಲ ಎಲ್ಲವೂ ತಿರುಗಬೇಕು.

ಯಜಮಾನರು ಪೈಪ್ ಹಿಡಿದು ನಿಂತಿದ್ದರು. ಕಸಿದುಕೊಂಡೆ. "ಮಂದಿ ಮನಿ ಮುಂದ ಗುಲಾಬಿ ಹಚ್ತಾರ. ನಮ್ಮಾಕಿ ದನದ ಮೇವು ಹಚ್ಯಾಳ" ಅಂದರು. ನಕ್ಕೆ. ಹದಿನೆಂಟು ವರ್ಷದ ಸಂಸಾರ, ಇಷ್ಟು ತಮಾಷೆ ಇದ್ದದ್ದೇ.

ನವೆಂಬರ್ 2

ತುದಿಯಲ್ಲಿ ಕೆಂಪು! ಆದರೆ ನಾಳೆಯಿಂದ ನಾಲ್ಕು ದಿನ ಹರಪನಹಳ್ಳಿಯಲ್ಲಿ ಟ್ರೇನಿಂಗ್. ಥೂ.

"ಹುಲ್ಲು ಹಸನಾಗಿ ನೋಡ್ಕೊಳ್ರಿ" ಅಂದೆ.

"ಚಿಂತಿ ಬಿಡು. ನಾ ಅದೀನಲ್ಲ."

ನವೆಂಬರ್ 4. ಅಕ್ಕನ ಮನೆ, ಹರಪನಹಳ್ಳಿ

ಯಜಮಾನರು ಫೋನ್ ಮಾಡಿದ್ದರು. "ಬಾಳ ಚಂದ ಆಗೈತಿ ರಮಾ. ತಾಮ್ರದ ತಂಬಿಗಿ ಹುಣಸಿಹಣ್ಣು ಹಚ್ಚಿ ತಿಕ್ಕಿದಂಗ." ಫೋಟೋನೂ ಕಳಿಸಿದರು. ಊಟದ ಬ್ರೇಕ್‌ನಲ್ಲಿ ಎಲ್ಲ ಟೀಚರ್‌ಗಳಿಗೂ ತೋರಿಸಿದೆ. ಇವರ ಬಾಯಲ್ಲಿ ಇಂಥ ಮಾತು! ಅಕ್ಕನಿಗೆ ಹೇಳುವಾಗ ಕಣ್ಣು ತುಂಬಿ ಬಂತು.

ನವೆಂಬರ್ 6. ಸಂಜೆ

ಕೂಡ್ಲಿಗಿ ಬಸ್ ಇಳಿದು ಸೀದಾ ಬಂದೆ. ಹುಲ್ಲಿಲ್ಲ. ಬೋಳು ನೆಲ, ಮೇಲೆ ಗರಸು ಮಣ್ಣು ಹರವಿದ್ದಾರೆ.

ಪಕ್ಕದ ಮನೆ ನಾಗಲಿಂಗಮ್ಮ ಗೋಡೆ ಮೇಲಿಂದ — "ಟೀಚರ್ರ, ನೀವು ಬಸ್ ಹತ್ತಿದ ದಿನಾನ ನಿಮ್ಮ ಮನಿಯವ್ರು ಕೀಳಿಸಿದ್ರಲ್ರಿ. ನನಗ ಕೊಟ್ರು. ನಮ್ಮ ಎಮ್ಮಿ ಮೂಸಿ ಸೈತ ನೋಡ್ಲಿಲ್ಲ."

ಫೋಟೋ ತೆಗೆದು ನೋಡಿದೆ. ಹಿಂದೆ ಕಾಣೋ ಗೇಟು ಹಸಿರು. ಈ ಯುಗಾದಿಗೆ ನೀಲಿ ಹೊಡೆಸಿದ್ವಿ. ಹೋದ ವರ್ಷದ ಆ ಒಂದೇ ಬುಡದ ಫೋಟೋ.

ನವೆಂಬರ್ 7

ಯಾಕೆ ಕಿತ್ತಿರಿ ಅಂತ ಕೇಳಿದ್ದಕ್ಕೆ ಯಜಮಾನರು — "ನೀನ ಹೇಳಿದ್ದಿ, ಹಸನ ಮಾಡ್ರಿ ಅಂತ!"

ಹೊಲ ಹಸನ ಮಾಡೋದು ಅಂದರೆ ಕಳೆ ಕಿತ್ತು ಸಾಫ್ ಮಾಡೋದು. ನಾನು ಅಂದದ್ದು ಹಸನಾಗಿ ನೋಡ್ಕೊಳ್ರಿ ಅಂತ. ಈ ವ್ಯತ್ಯಾಸ ತಿಳಿಯದ ಮನುಷ್ಯನಾ ಇವರು? ತಪ್ಪು ತಿಳಿದು ಕಿತ್ತಿದ್ದರೆ, ಆ ಫೋಟೋ ಯಾಕೆ? ಆ ತಾಮ್ರದ ತಂಬಿಗೆಯ ಮಾತು ಯಾಕೆ?

ಕೊನೆಗೆ ಬಾಯಿ ಬಿಟ್ಟರು. "ಐತ್ವಾರ ಆಫೀಸಿನವ್ರು ಊಟಕ್ಕ ಬರ್ತಾರ. ಮನಿ ಮುಂದ ಕರಡ ಕಂಡ್ರ ಹಾಳುಬಿದ್ದ ಮನಿ ಅಂತಾರ."

ಕೇಳಿದ್ದರೆ ಜಗಳ ಆಡುತ್ತಿದ್ದೆ, ಹೌದು. ಜಗಳ ಆಡೋಕೂ ಬಿಡಲಿಲ್ಲ. ಅಷ್ಟು ಜನಕ್ಕೆ ತೋರಿಸಿ ಮೆರೆದೆನಲ್ಲ.

ನವೆಂಬರ್ 9, ಭಾನುವಾರ

ಹನ್ನೆರಡು ಜನ ಉಂಡು ಹೋದರು. ಶೇಂಗಾ ಹೋಳಿಗೆ ಹೊಗಳಿದರು. ಅಂಗಳದ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ನವೆಂಬರ್ 30, ಭಾನುವಾರ. ಬೆಳಿಗ್ಗೆ 8

ಹೊರಗಿನಿಂದ ಕೂಗುತ್ತಿದ್ದಾರೆ. "ರಮಾ, ಲಗೂ ಬಾ! ಗರಸಿನಾಗಿಂದ ಒಂದು ಬುಡ ಚಿಗತೈತಿ. ಖರೇನ. ನಿನ್ನಾಣಿ."

ಬಾಗಿಲು ನಾಲ್ಕು ಹೆಜ್ಜೆ. ಮೊದಲಾಗಿದ್ದರೆ ಓಡುತ್ತಿದ್ದೆ. ನಿಜವೇ ಇರಬಹುದು. ಬೇರು ಉಳಿದಿದ್ದರೆ ಕರಡ ಚಿಗುರುತ್ತೆ, ನನಗೆ ಗೊತ್ತು. ಆದರೆ ಹೇಳುತ್ತಿರೋದು ಇವರು. ಮತ್ತೆ ಕೂಗಿದರು. ಏಳಬೇಕು ಅಂತ ಪೆನ್ನು ಇಟ್ಟೆ, ಮತ್ತೆ ಎತ್ತಿಕೊಂಡೆ. ಏಳದೆ ಇದನ್ನೇ ಬರೆಯುತ್ತಿದ್ದೇನೆ.